ಒಳಗೆ ಹಿಡಿದ ಬಟ್ಟೆ

ದರ್ಜಿಯ ಒಡಹುಟ್ಟಿದ ತಮ್ಮ ರೆಡಿಮೇಡ್ ಪ್ಯಾಂಟು ಹಾಕಿಕೊಂಡು ಓಡಾಡುತ್ತಾನೆಂದರೆ ಬೀದಿಯವರಿಗೆ ನಗು ಬರುವುದು ಸಹಜ. ಮಿಠಾಯಿ ಅಂಗಡಿಯವನ ಮಗ ಪಕ್ಕದ ಅಂಗಡಿಯಲ್ಲಿ ಮಿಠಾಯಿ ಕೊಂಡ ಹಾಗೆ. ಮೊದಮೊದಲು ಕೆಲವರು ಟೇಪಣ್ಣನನ್ನೇ ಕೇಳಿದ್ದರು, "ಏನ್ ಟೇಪಣ್ಣ, ತಮ್ಮನ ಹತ್ರಾನೂ ಕೂಲಿ ಜಾಸ್ತಿ ಕೇಳಿದ್ಯಾ?" ಟೇಪಣ್ಣನ ತುಟಿಗಳ ನಡುವೆ ಗುಂಡುಸೂಜಿಗಳಿರುತ್ತಿದ್ದುದರಿಂದ ಉತ್ತರ ಕೊಡಬೇಕಾಗಿರಲಿಲ್ಲ. ಸೂಜಿ ಇಲ್ಲದಾಗಲೂ ಅವನು ಕೊಡಲಿಲ್ಲ. ಕೊನೆಗೆ ಕೇಳುವವರೂ ಬಿಟ್ಟರು.

ಟೇಪಣ್ಣ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಕೊರಳಲ್ಲಿ ಸದಾ ಅಳತೆಯ ಟೇಪು ಜೋತುಬಿದ್ದಿರುತ್ತಿದ್ದರಿಂದ ಬೀದಿ ಇಟ್ಟ ಹೆಸರು. "ಸ್ನಾನಕ್ಕೆ ಹೋಗೋವಾಗ ತೆಗೀತಾರೆ ಅಂದ್ಕೊಂಡಿದೀನಿ, ಕಣ್ಣಾರೆ ನೋಡಿಲ್ಲ" ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು. ಅಂಗಡಿ ಸಣ್ಣದು. ಅವನದೊಂದು ಯಂತ್ರ, ಹೆಂಡತಿಯದೊಂದು, ನಡುವೆ ಬಟ್ಟೆ ಕತ್ತರಿಸುವ ಮೇಜು. ಮೂಲೆಯಲ್ಲಿ ಪರದೆ ಎಳೆದರೆ ಒಬ್ಬರು ನಿಲ್ಲುವಷ್ಟು ಜಾಗ, ಅದರೊಳಗೆ ಅಂಚು ಮಾಸಿದ ಕನ್ನಡಿ. ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾಗಿ ಬಹಳ ಕಾಲವಾಗಿತ್ತು. ಈಗ ಬರುವುದೆಲ್ಲ ರಿಪೇರಿ. ಜಿಪ್ಪು ಹಾಕುವುದು, ಅಂಚು ಮಡಚುವುದು, ದಪ್ಪಗಾದವರಿಗೆ ಹೊಲಿಗೆ ಬಿಡುವುದು, ತೆಳ್ಳಗಾದವರಿಗೆ ಒಳಗೆ ಹಿಡಿಯುವುದು.

ಈ ಬಿಡುವ ಹಿಡಿಯುವ ಕೆಲಸಕ್ಕೆ ಅವನ ಅಪ್ಪ ಒಂದು ನಿಯಮ ಕಲಿಸಿ ಹೋಗಿದ್ದ. "ಅಳತೆ ಕೈಯಲ್ಲಿರಲಿ, ಬಾಯಿಗೆ ಬರಬಾರದು." ಸೊಂಟ ದಪ್ಪವಾಗಿ ಬಂದ ಗಿರಾಕಿಗೆ "ದಪ್ಪ ಆಗಿದೀರ" ಅನ್ನುವವನು ದರ್ಜಿಯಲ್ಲ. "ಒಗೆದೂ ಒಗೆದೂ ಬಟ್ಟೆ ಕುಗ್ಗಿದೆ" ಅನ್ನುವವನು ದರ್ಜಿ. ಸೊರಗಿ ಬಂದವರಿಗೆ "ಈ ಬಟ್ಟೆ ಜೋಲು ಬೀಳೋ ಜಾತಿದು" ಅನ್ನಬೇಕು. ತಪ್ಪೆಲ್ಲ ಬಟ್ಟೆಯದು, ಮೈಯದಲ್ಲ. ಗಿರಾಕಿ ನಗುತ್ತಾ ಮನೆಗೆ ಹೋಗಬೇಕು, ಹೊಲಿಗೆ ಬದಲಾದದ್ದು ಮನೆಯವರ ಕಣ್ಣಿಗೂ ಬೀಳಬಾರದು. ಟೇಪಣ್ಣ ಈ ವಿದ್ಯೆಯಲ್ಲಿ ಅಪ್ಪನನ್ನೂ ಮೀರಿಸಿದ್ದ. ಅದಕ್ಕಾಗಿಯೇ ಎರಡು ಬೀದಿ ದಾಟಿ ಬರುವವರಿದ್ದರು.

ಅವರದು ತೆಳ್ಳಗಿನ ವಂಶ. ಉಂಡದ್ದು ಮೈಗೆ ಹತ್ತದ ವಂಶ ಎಂದು ಅಜ್ಜಿ ಹೇಳುತ್ತಿದ್ದಳು, ಹೇಳುವಾಗ ಅವಳ ದನಿಯಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಜಾಸ್ತಿ. ಅಪ್ಪ ಯಂತ್ರದ ಮುಂದೆ ಕೂತಾಗ ಎಡಗೈಯಲ್ಲಿ ಹೊಟ್ಟೆ ಅಮುಕಿಕೊಂಡೇ ಬಲಗೈಯಲ್ಲಿ ಬಟ್ಟೆ ಸರಿಸುತ್ತಿದ್ದ. "ನಾನು ಕತ್ತರಿ ಹುಡುಕಬೇಕಾಗಿಲ್ಲ, ಹೊಟ್ಟೆಯೊಳಗೇ ಒಂದಿದೆ" ಎಂದು ನಗಿಸುತ್ತಿದ್ದ. ವಯಸ್ಸಾಗುವ ಮೊದಲೇ ಹೋದ. ಏನಾಗಿತ್ತು ಎಂದು ಕೇಳಿದವರಿಗೆ ಮನೆಯವರು "ಹೊಟ್ಟೆ" ಎಂದಷ್ಟೇ ಹೇಳಿದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ಮೂಗು, ಕಿವಿ, ಹಣೆಯ ಆಕಾರ ಬಂದ ಹಾಗೆ ಹೊಟ್ಟೆನೋವೂ ಬರುತ್ತದೆ ಎಂದುಕೊಂಡಿದ್ದರು. ಅದು ಒಂದು ಲೆಕ್ಕಕ್ಕೆ ನಿಜವೂ ಆಗಿತ್ತು. ಮೂಗಿಗೆ ಔಷಧಿ ಬೇಕಾಗಿಲ್ಲ, ಇದಕ್ಕೆ ಬೇಕಾಗಿತ್ತು.

ತಮ್ಮ ಹೊಲಿಗೆಗೆ ಕೂರಲಿಲ್ಲ, ಬಸ್ಸಿನ ಡ್ರೈವರಾದ. ಟೇಪಣ್ಣನಿಗೆ ಮಕ್ಕಳಿರಲಿಲ್ಲ. ತಮ್ಮನಿಗೊಬ್ಬಳು ಮಗಳು. ಊಟದ ತಟ್ಟೆಯ ಮುಂದೆ ಕೂತು ಹಕ್ಕಿಯ ಹಾಗೆ ನಾಲ್ಕು ಕಾಳು ಕುಕ್ಕಿ ಏಳುತ್ತಿದ್ದುದರಿಂದ ಅವಳು ಮನೆಗೆಲ್ಲ ಗುಬ್ಬಿ. ತಮ್ಮನ ಯೂನಿಫಾರಂ ಪ್ರತಿ ವರ್ಷ ಟೇಪಣ್ಣನೇ ಹೊಲಿಯುತ್ತಿದ್ದ. ಒಂದು ವರ್ಷ ಪ್ಯಾಂಟು ಸಡಿಲವಾಗಿದೆ ಎಂದು ತಮ್ಮ ತಂದುಕೊಟ್ಟ. ಟೇಪಣ್ಣ ಹಿಂದಿನ ನಡುಹೊಲಿಗೆ ಬಿಚ್ಚಿ ಒಂದೂವರೆ ಇಂಚು ಹಿಡಿದ. ಎರಡು ತಿಂಗಳಾಗಿರಲಿಲ್ಲ, ಮತ್ತೆ ತಂದ. ಮತ್ತೆ ಹಿಡಿದ. ಸೊಂಟ ಹಿಡಿಯುತ್ತಾ ಹೋದರೆ ಹಿಂದಿನ ಜೇಬುಗಳೆರಡೂ ಒಂದರ ಕಡೆಗೊಂದು ಸರಿಯುತ್ತಾ ಬರುತ್ತವೆ. ಅರಿಯದವರಿಗೂ ಅದು ಕಣ್ಣಿಗೆ ಹೊಡೆಯುತ್ತದೆ, ಈ ಪ್ಯಾಂಟಿನ ಒಡೆಯ ಇಳಿದುಹೋಗಿದ್ದಾನೆ ಎಂದು. ಟೇಪಣ್ಣ ಕೆಲಸಗಾರ. ಎರಡೂ ಜೇಬು ಬಿಚ್ಚಿ, ದೂರ ಸರಿಸಿ, ಹಳೆಯ ಗುರುತು ಕಾಣದಂತೆ ಹೊಲಿದ. ಮೂರನೆಯ ಸಲ ಒಳಗೆ ಹಿಡಿದ ಬಟ್ಟೆಯೇ ದಪ್ಪ ಮಡಿಕೆಯಾಗಿ, ಕೂತರೆ ಚುಚ್ಚುತ್ತದೆ ಎಂದು ತಮ್ಮ ಹೇಳಿದ.

ಆ ದಿನ ಟೇಪಣ್ಣ ಆ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ಹಾಕಿದ. ಮನೆಯವರ ಬಟ್ಟೆಯಲ್ಲಿ ಅದನ್ನು ಯಾವತ್ತೂ ಕತ್ತರಿಸುವುದಿಲ್ಲ, ಮತ್ತೆ ಮೈ ತುಂಬಿಕೊಂಡಾಗ ಬಿಡಬೇಕಾಗುತ್ತದಲ್ಲ. ಕತ್ತರಿ ಆಡಿಸುವಾಗ ಕೈ ಒಂದು ಕ್ಷಣ ನಿಂತದ್ದು ಅವನಿಗೆ ಇವತ್ತಿಗೂ ನೆನಪಿದೆ. ಕೈಗೆ ಗೊತ್ತಾಗಿತ್ತು. ಬಾಯಿ ಮಾತ್ರ, "ಈ ಬಟ್ಟೆ ಜೋಲು ಬೀಳೋ ಜಾತಿದು ಕಣೋ" ಎಂದಿತ್ತು.

ತಮ್ಮನೂ ನಕ್ಕು, "ಹೂಂ, ಹಾಗೇ ಕಾಣುತ್ತೆ" ಎಂದಿದ್ದ.

ಆಮೇಲೆ ಒಂದು ಮಧ್ಯಾಹ್ನ ತಮ್ಮ ಬಸ್ಸನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟವನು ಏಳಲಿಲ್ಲ. ಆಸ್ಪತ್ರೆಗೆ ಹೊತ್ತೊಯ್ದರು. ಕರುಳು ಒಂದು ಕಡೆ ಹುಣ್ಣಾಗಿ, ಕಟ್ಟಿಕೊಂಡು, ತೂತಾಗಿತ್ತು. ದೊಡ್ಡ ಭಾಗವನ್ನು ಕೊಯ್ದು ತೆಗೆದರು. ಹೊಟ್ಟೆಯ ಪಕ್ಕದಲ್ಲಿ ಮಲ ಹೊರಬರಲು ಒಂದು ಬಾಯಿ ಮಾಡಿ ಅದಕ್ಕೊಂದು ಚೀಲ ಅಂಟಿಸಿದರು, ಜೀವಮಾನಕ್ಕೆ. ಇದು ಹೊಸದಾಗಿ ಹತ್ತಿದ ರೋಗವಲ್ಲ, ವರ್ಷಗಳಿಂದ ಒಳಗೇ ಕೆಂಡದ ಹಾಗೆ ಇದ್ದದ್ದು, ರಕ್ತಸಂಬಂಧದಲ್ಲಿ ಹರಿದು ಬರುವಂಥದ್ದು ಎಂದರು ಹೊಟ್ಟೆಯ ಡಾಕ್ಟರಮ್ಮ. ತೂಕ ಇಳಿಯಲು ಶುರುವಾದಾಗಲೇ ಬಂದಿದ್ದರೆ ಔಷಧಿಯಲ್ಲೇ ಹಿಡಿತಕ್ಕೆ ತರಬಹುದಿತ್ತು ಎಂದೂ ಹೇಳಿದರು.

ತಮ್ಮನ ಹೆಂಡತಿ ಕಾರಿಡಾರಿನಲ್ಲಿ ಟೇಪಣ್ಣನ ಎದುರು ಬಂದು ನಿಂತಳು. ಅವಳು ಅಳುತ್ತಿರಲಿಲ್ಲ. "ಭಾವ, ನಾನು ದಿನಾ ಅವರನ್ನ ನೋಡ್ತಿದ್ದೆ. ಪ್ಯಾಂಟು ಸರಿಯಾಗೇ ಕೂತಿರ್ತಿತ್ತು. ನನ್ನ ಕಣ್ಣಿಗೆ ಕಾಣದ ಹಾಗೆ ಹೊಲಿದುಕೊಟ್ರಲ್ಲ" ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಮ್ಮನನ್ನು ಡ್ರೈವಿಂಗಿನಿಂದ ತೆಗೆದು ಡಿಪೋದ ಬಿಡಿಭಾಗಗಳ ಕೋಣೆಗೆ ಹಾಕಿದರು. ಟೇಪಣ್ಣ ಅವನಿಗಾಗಿ ಎರಡು ಪ್ಯಾಂಟು ಹೊಲಿದ. ಸೊಂಟಪಟ್ಟಿ ಎತ್ತರ, ಒಳಗೆ ಮೆತ್ತನೆಯ ಬಟ್ಟೆಯ ಜೇಬು, ಚೀಲ ಅದರಲ್ಲಿ ಕೂತರೆ ಭಾರ ಎಳೆಯುವುದಿಲ್ಲ, ಹೊರಗಿನಿಂದ ಉಬ್ಬೂ ಕಾಣುವುದಿಲ್ಲ. ಹೆಂಡತಿಯ ಕೈಯಲ್ಲಿ ಕಳಿಸಿದ. ಅವು ಹಾಗೇ ವಾಪಸ್ಸು ಬಂದವು. ತಮ್ಮ ಎಲಾಸ್ಟಿಕ್ಕಿನ ರೆಡಿಮೇಡ್ ಪ್ಯಾಂಟು ಹಾಕತೊಡಗಿದ. ಎದುರಿಗೆ ಸಿಕ್ಕರೆ ಮಾತಾಡುತ್ತಿದ್ದ, ಬಿಸಿಲು ಜೋರು, ಬಸ್ಸು ಲೇಟು, ಅಂಥ ಮಾತು. ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆ ಎರಡು ಪ್ಯಾಂಟು ಅಂಗಡಿಯ ಬೀರುವಿನ ಮೇಲಿನ ಅಟ್ಟದಲ್ಲಿ ಕಾಗದ ಸುತ್ತಿಕೊಂಡು ಕೂತವು.

ಗುಬ್ಬಿ ಮಾತ್ರ ಬರುವುದನ್ನು ಬಿಟ್ಟಿರಲಿಲ್ಲ. ವರ್ಷಗಳು ಕಳೆದು, ಓದು ಮುಗಿಸಿ ಅವಳು ಈಗ ದೊಡ್ಡ ಅಂಗಡಿಯೊಂದರಲ್ಲಿ ಕ್ಯಾಷ್ ಕೌಂಟರಿನ ಕೆಲಸಕ್ಕೆ ಸೇರಿದ್ದಳು. ಕಂಪನಿ ಕೊಟ್ಟ ನೀಲಿ ಪ್ಯಾಂಟು ಹಿಡಿದುಕೊಂಡು ಬಂದು ಮೇಜಿನ ಮೇಲೆ ಎಸೆದಳು.

"ದೊಡ್ಡಪ್ಪಾ, ಇದನ್ನ ಆನೆಗೆ ಅಂತ ಹೊಲಿದಿದಾರೆ. ಹಿಡಿದುಕೊಡು."

"ಆನೆ ಬಂದು ಕೇಳಿದ್ರೆ ಏನ್ ಹೇಳ್ತೀಯ?" ಎಂದಳು ದೊಡ್ಡಮ್ಮ, ಗುಂಡಿ ಹಚ್ಚುತ್ತಾ.

"ಕೌಂಟರ್ ಮೂರಕ್ಕೆ ಹೋಗಿ ಅಂತೀನಿ."

ಕಂಪನಿಯವರ ಅಳತೆ ಯಾವಾಗಲೂ ದೊಡ್ಡದೇ. ಟೇಪಣ್ಣ ಹಾಗೆಂದುಕೊಂಡೇ ಹಿಡಿದುಕೊಟ್ಟ. ಅವಳಿಗೆ ಇಪ್ಪತ್ತು ವರ್ಷ, ಮೊದಲ ಕೆಲಸ, ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ ಖುಷಿಯಾಗಿ ಹೋದಳು. ಒಳಗಿನ ಬಟ್ಟೆ ಕತ್ತರಿಸಲಿಲ್ಲ, ಆ ಮಟ್ಟಿಗೆ ಬುದ್ಧಿಯಿತ್ತು.

ಎರಡು ತಿಂಗಳ ಮೇಲೆ ಅದೇ ಪ್ಯಾಂಟಿನೊಂದಿಗೆ ಮತ್ತೆ ಬಂದಳು. ಆ ಹೊತ್ತಿಗೆ ದೊಡ್ಡಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು. ಅವಳಿಲ್ಲದ ಹೊತ್ತು ನೋಡಿಯೇ ಬಂದಿದ್ದಾಳೆಂದು ಟೇಪಣ್ಣನಿಗೆ ಆಮೇಲೆ ಹೊಳೆಯಿತು. ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದಳು. ಅವನು ಸೊಂಟದ ಹಿಂದೆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಬೆರಳ ನಡುವೆ ಮಡಿಕೆ ಬಂತು, ಇನ್ನೂ ಬಂತು. ಜೇಬುಗಳೆರಡೂ ಅಕ್ಕಪಕ್ಕದ ಮನೆಯವರ ಹಾಗೆ ಹತ್ತಿರ ಬಂದು ನಿಂತಿದ್ದವು. ಷರಟಿನೊಳಗೆ ಇನ್ನೊಂದು ಷರಟು ಹಾಕಿದ್ದಳು, ತೆಳ್ಳಗಾದದ್ದು ಕಾಣಬಾರದೆಂದು. ಅವನ ಬಲಗೈ ತನ್ನಷ್ಟಕ್ಕೆ ತುಟಿಯ ಹತ್ತಿರ ಹೋಗಿ ಒಂದು ಸೂಜಿ ತೆಗೆದು ಚುಚ್ಚಿಯೂ ಬಿಟ್ಟಿತು. ಎರಡನೆಯ ಸೂಜಿ ತೆಗೆಯುವಾಗ ಟೇಪಣ್ಣ ತನ್ನ ಕೈಯನ್ನೇ ನೋಡಿದ. ಬಾಯಲ್ಲಿದ್ದ ಸೂಜಿಗಳನ್ನೆಲ್ಲ ತೆಗೆದು ಡಬ್ಬಿಗೆ ಹಾಕಿದ.

"ಹೊಟ್ಟೆ ಹೇಗಿದೆ?" ಎಂದ.

"ನಮ್ಮನೇಲಿ ಇದನ್ನ ಹವಾಮಾನ ಕೇಳೋ ಹಾಗೆ ಕೇಳ್ತಾರೆ. ಚೆನ್ನಾಗಿದೆ."

"ಗುಬ್ಬಿ."

"ಚೆನ್ನಾಗಿದೆ ಅಂದ್ನಲ್ಲ ದೊಡ್ಡಪ್ಪ. ನೀನು ಹಿಡಿ."

"ಇದು ಕಂಪನಿ ಅಳತೆ ಅಲ್ಲ. ಹೋದ ಸಲ ನಾನೇ ಹಿಡಿದ ಅಳತೆ."

ಅವಳು ಕನ್ನಡಿಯಲ್ಲಿ ಅವನನ್ನು ನೋಡಿದಳು. ನೇರವಾಗಿ ನೋಡಿದ್ದರೆ ಬಹುಶಃ ಹೇಳುತ್ತಿರಲಿಲ್ಲ. ಕೆಳಹೊಟ್ಟೆಯಲ್ಲಿ ಬಲಗಡೆ ನೋವು, ತಿಂದ ಮೇಲೆ ಹಿಂಡುತ್ತದೆ, ಅದಕ್ಕೇ ಕೆಲಸದ ದಿನ ಸಂಜೆಯವರೆಗೆ ಏನೂ ತಿನ್ನುವುದಿಲ್ಲ ಎಂದಳು. ಬೆಳಿಗ್ಗೆ ಎದ್ದರೆ ಟಾಯ್ಲೆಟ್ಟಿಗೆ ಹೋಗಿ ಬಂದು ಹೋಗಿ ಬಂದು ಬಸ್ಸು ತಪ್ಪುತ್ತದೆ. ಕೌಂಟರ್ ಬಿಟ್ಟು ಎದ್ದರೆ ಮೇಲ್ವಿಚಾರಕಿ ಗಡಿಯಾರ ನೋಡುತ್ತಾಳೆ. ಇನ್ನು ಸ್ವಲ್ಪ ದಿನ ಕಳೆದರೆ ಕೆಲಸ ಕಾಯಂ. ಆಮೇಲೆ ತೋರಿಸುತ್ತೇನೆ ಎಂದಳು.

"ಅಪ್ಪ ಅಮ್ಮನಿಗೆ?"

"ಅಪ್ಪನಿಗೆ ಹೇಳಿದ್ರೆ ತನ್ನಿಂದಲೇ ಬಂತು ಅಂತ ಕೂತುಬಿಡ್ತಾರೆ. ಅಮ್ಮನಿಗೆ ಹೇಳಿದ್ರೆ ಅಪ್ಪನಿಗೆ ಹೇಳಿದ ಹಾಗೇ." ಪ್ಯಾಂಟನ್ನು ಮೇಲಕ್ಕೆಳೆದುಕೊಂಡು, "ನಂಗೂ ಆ ಚೀಲ ಹಾಕ್ತಾರೆ ದೊಡ್ಡಪ್ಪ. ಈಗಲೇ ಹೋದ್ರೆ ಈಗಲೇ ಹಾಕ್ತಾರೆ" ಎಂದಳು.

"ಹಾಗಲ್ಲ ಕಣೇ. ತಡ ಆಗಿದ್ದಕ್ಕೆ ನಿಮ್ಮಪ್ಪನಿಗೆ ಹಾಕಿದ್ದು."

"ಇರ್ಲಿ. ನೀನು ಯಾರಿಗೂ ಹೇಳಲ್ಲ ಅಂತ ಗೊತ್ತು. ಅದಕ್ಕೇ ನಿನ್ನ ಹತ್ರ ತಂದಿದ್ದು."

ಅವಳು ಅದನ್ನು ನಂಬಿಕೆಯಿಂದ ಹೇಳಿದ್ದಳು. ಟೇಪಣ್ಣನಿಗೆ ಕಾದ ಇಸ್ತ್ರಿಪೆಟ್ಟಿಗೆ ಕೈಗೆ ತಾಗಿದಂತಾಯಿತು. ಬೇರೆ ಯಾವ ದರ್ಜಿಯ ಹತ್ತಿರ ಹೋಗಿದ್ದರೂ ಅವನು "ಏನಮ್ಮ, ಊಟ ಮಾಡಲ್ವಾ?" ಎಂದಾದರೂ ಕೇಳುತ್ತಿದ್ದ.

"ನಾಳೆ ಬಾ" ಎಂದು ಪ್ಯಾಂಟು ಇಟ್ಟುಕೊಂಡ.

ದೊಡ್ಡಮ್ಮ ಮಾರ್ಕೆಟ್ಟಿನಿಂದ ಬಂದಾಗ ಅವನು ಹೊಲಿಗೆ ಬಿಚ್ಚುತ್ತಾ ಕೂತಿದ್ದ. ತಾನೇ ಹಿಡಿದ ಹೊಲಿಗೆ. ನೂಲು ಒಂದೊಂದಾಗಿ ಎಳೆದು ಪ್ಯಾಂಟನ್ನು ಮೊದಲಿನ ಅಗಲಕ್ಕೆ ತಂದು ಹೊಲಿಯುತ್ತಿದ್ದ.

"ಗುಬ್ಬೀದಲ್ವಾ ಅದು? ದಪ್ಪ ಆದ್ಲಾ?" ಎಂದು ಆಸೆಯಿಂದ ಕೇಳಿದಳು.

"ಇಲ್ಲ" ಎಂದ. ಮತ್ತೆ ಅಷ್ಟಕ್ಕೇ ನಿಲ್ಲುವುದರಲ್ಲಿದ್ದ. ನಿಲ್ಲಲಿಲ್ಲ. ಎಲ್ಲ ಹೇಳಿದ.

ಹೆಂಡತಿ ತರಕಾರಿಯ ಚೀಲವನ್ನು ಕೆಳಗಿಡದೆಯೇ ಕೇಳಿಸಿಕೊಂಡಳು. "ಹೋದ ಸಲ ಹಿಡಿದಾಗ ಯಾಕೆ ಬಾಯಿ ಬಿಡಲಿಲ್ಲ? ಒಂದು ಸಲ ಬಿದ್ದ ಹಳ್ಳಕ್ಕೆ ಎರಡನೇ ಸಲ ಬೀಳೋಕೆ ಕುರುಡನೂ ಹೆದರ್ತಾನೆ" ಎಂದಳು. ಆಮೇಲೆ ಅವಳೇ, "ನಾನೂ ಆನೆ ಅಂತ ತಮಾಷೆ ಮಾಡ್ತಾ ಕೂತಿದ್ದೆ ಬಿಡಿ" ಎಂದು ಒಳಗೆ ಹೋದಳು.

ಮರುದಿನ ಗುಬ್ಬಿ ಕೆಲಸಕ್ಕೆ ಹೋಗುವ ಅವಸರದಲ್ಲಿ ಬಂದು, ಪರದೆಯ ಹಿಂದೆ ಪ್ಯಾಂಟು ಹಾಕಿಕೊಂಡು, ಸೊಂಟವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಬಂದಳು. ಕೈ ಬಿಟ್ಟರೆ ಬೀಳುತ್ತಿತ್ತು.

"ಏನಿದು?"

"ನಾನು ಹಿಡಿಯಲ್ಲ."

"ದೊಡ್ಡಪ್ಪ, ನಂಗೆ ಬಸ್ಸಿಗೆ ಹೊತ್ತಾಯ್ತು."

"ಇವತ್ತು ಹಿಡಿಯಲ್ಲ, ಮುಂದೂ ಹಿಡಿಯಲ್ಲ. ಸಂಜೆ ನಿಮ್ಮನೆಗೆ ಬರ್ತೀನಿ. ಅಷ್ಟರಲ್ಲಿ ನೀನೇ ಹೇಳಿದ್ರೆ ಒಳ್ಳೇದು. ಇಲ್ದಿದ್ರೆ ನಾನು ಹೇಳ್ತೀನಿ."

ಅವಳು ಏನೂ ಕೂಗಾಡಲಿಲ್ಲ. ಮೇಜಿನ ಮೇಲಿದ್ದ ಡಬ್ಬಿಯಿಂದ ದೊಡ್ಡದೊಂದು ಪಿನ್ನು ತೆಗೆದುಕೊಂಡು, ಬೆನ್ನ ಹಿಂದೆ ಕೈ ಹಾಕಿ ತಾನೇ ಮಡಿಕೆ ಹಿಡಿದು ಚುಚ್ಚಿಕೊಂಡಳು. "ಅಪ್ಪನ ಹೊತ್ತಲ್ಲಿ ಬಾಯಿರಲಿಲ್ಲ. ನನ್ನ ಹೊತ್ತಿಗೆ ಬಂತು" ಎಂದು ಮೆಟ್ಟಿಲಿಳಿದು ಹೋದಳು.

ಸಂಜೆ ಟೇಪಣ್ಣ ಅಂಗಡಿ ಬೇಗ ಮುಚ್ಚಿ ತಮ್ಮನ ಮನೆಗೆ ನಡೆದ. ತಾನು ಆ ಮನೆಯ ಒಳಗೆ ಕೂತು ಎಷ್ಟು ಕಾಲವಾಯಿತೆಂದು ದಾರಿಯುದ್ದಕ್ಕೂ ಯೋಚಿಸಿದ, ನೆನಪಾಗಲಿಲ್ಲ. ಅರ್ಧ ದಾರಿಯಲ್ಲಿ ಕೊರಳಿಗೆ ಕೈಹಾಕಿ ಟೇಪು ತೆಗೆದು ಕಿಸೆಗೆ ತುರುಕಿದ.

ಬಾಗಿಲು ತೆಗೆದದ್ದು ತಮ್ಮನ ಹೆಂಡತಿ. "ಬನ್ನಿ ಭಾವ" ಎಂದಳು, ಆಶ್ಚರ್ಯ ಮುಖದಲ್ಲಿತ್ತು, ಮಾತಿನಲ್ಲಿರಲಿಲ್ಲ. ತಮ್ಮ ಬಚ್ಚಲಲ್ಲಿದ್ದ. ಚೀಲ ಬದಲಿಸುವ ಹೊತ್ತು. ಆ ಮನೆಯಲ್ಲಿ ಅದಕ್ಕೊಂದು ಶಿಸ್ತಿತ್ತು. ಗೋಡೆಯ ಗೂಟದಲ್ಲಿ ಸ್ವಚ್ಛ ಟವೆಲ್, ಕಪಾಟಿನಲ್ಲಿ ಹೊಸ ಚೀಲಗಳ ಪೆಟ್ಟಿಗೆ, ಚರ್ಮಕ್ಕೆ ಹಚ್ಚುವ ಪುಡಿ, ಚೀಲದ ಬಾಯಿಯನ್ನು ದುಂಡಗೆ ಕತ್ತರಿಸಲು ಒಂದು ಪುಟ್ಟ ಕತ್ತರಿ. ಕತ್ತರಿ ನೋಡಿ ಟೇಪಣ್ಣ ಗುರುತು ಹಿಡಿದ. ಅವರಪ್ಪನ ಗುಂಡಿತೂತಿನ ಕತ್ತರಿ. ಎಲ್ಲಿ ಹೋಯಿತೆಂದು ಅವನು ಬಹಳ ದಿನ ಹುಡುಕಿದ್ದ.

ತಮ್ಮ ಹೊರಗೆ ಬಂದು ಎದುರಿಗೆ ಕೂತ. ಎಲಾಸ್ಟಿಕ್ಕಿನ ಪ್ಯಾಂಟು. "ಏನು, ಅಂಗಡಿ ಇಷ್ಟು ಬೇಗ?" ಎಂದ.

"ಗುಬ್ಬಿ ಏನಾದ್ರೂ ಹೇಳಿದ್ಲಾ?"

"ಅವಳಿನ್ನೂ ಬಂದಿಲ್ಲ. ಯಾಕೆ?"

ಟೇಪಣ್ಣ ಹೇಳತೊಡಗಿದ. ಹೇಳುವುದು ಅವನಿಗೆ ರೂಢಿಯಿಲ್ಲದ ಕೆಲಸ, ಉಲ್ಟಾ ಬಟ್ಟೆ ಹೊಲಿದ ಹಾಗೆ ಹಿಂದುಮುಂದಾಯಿತು. ಜೇಬು ಮೊದಲು ಬಂತು, ನೋವು ಆಮೇಲೆ. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಹೇಳಿ ಮುಗಿದ ಮೇಲೆ ತಮ್ಮ ಕೇಳಿದ.

"ಎಷ್ಟು ಇಂಚು?"

"ಮೊದಲ ಸಲ ಒಂದೂವರೆ. ಈ ಸಲ ಹಿಡಿಯಲಿಲ್ಲ. ಹಿಡಿದಿದ್ರೆ ಎರಡು."

"ನಂಗೆ ಎಷ್ಟು ಹಿಡಿದಿದ್ದೆ?"

ಇಷ್ಟು ವರ್ಷ ಅವನು ಕೇಳಿರದ ಪ್ರಶ್ನೆ. ಟೇಪಣ್ಣ ಮನೆಯವರ ಅಳತೆಯನ್ನು ಎಲ್ಲೂ ಬರೆದಿಡುತ್ತಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. "ಒಟ್ಟು ಐದೂವರೆ" ಎಂದ. "ಕೊನೇಲಿ ಒಳಗಿನ ಬಟ್ಟೆ ಕತ್ತರಿಸಿಬಿಟ್ಟೆ ಕಣೋ. ಕತ್ತರಿಸೋವಾಗ ನಂಗೆ ಗೊತ್ತಾಗಿತ್ತು."

"ನಂಗೂ ಗೊತ್ತಿತ್ತು" ಎಂದ ತಮ್ಮ. "ಇಲ್ದಿದ್ರೆ ಡಿಪೋ ಎದುರಿಗೇ ದರ್ಜಿ ಇದ್ದ, ಅಷ್ಟು ದೂರ ನಿನ್ನ ಹತ್ರ ಯಾಕೆ ಬರ್ತಿದ್ದೆ? ಅವನು ವಾಚಾಳಿ. ಕೇಳ್ತಾನೆ. ನೀನು ಕೇಳಲ್ಲ." ಅವನು ಮೊಣಕಾಲ ಮೇಲಿನ ಬಟ್ಟೆಯನ್ನು ಬೆರಳಲ್ಲಿ ಹಿಚುಕಿದ. "ಗುಬ್ಬಿ ಬೆಳಿಗ್ಗೆ ಎಷ್ಟು ಸಲ ಎದ್ದು ಹೋಗ್ತಾಳೆ ಅಂತ ನಂಗೆ ಕೇಳಿಸುತ್ತೆ ಅಣ್ಣ. ಬಚ್ಚಲ ಪಕ್ಕದ ಕೋಣೆ ನಂದೇ. ಹೊಸ ಕೆಲಸದ ಹೆದರಿಕೆ ಅಂತ ನಂಗೆ ನಾನೇ ಹೇಳ್ಕೊಂಡೆ. ಮಗೂನ ಕೇಳೋಕೆ ಬಾಯಿ ಬರಲಿಲ್ಲ. ಕೇಳಿದ್ರೆ ಹೂಂ ಅಂದುಬಿಟ್ರೆ?"

"ಅಣ್ಣ ತಮ್ಮ ಇಬ್ಬರೂ ಸೇರಿ" ಎಂದಳು ಹೆಂಡತಿ, ಬಾಗಿಲಿನಿಂದ. ವಾಕ್ಯ ಮುಗಿಸಲಿಲ್ಲ. ಡಾಕ್ಟರಮ್ಮನ ಚೀಟಿ ಎಲ್ಲಿದೆ ಎಂದು ಹುಡುಕಲು ಒಳಗೆ ಹೋದಳು.

ಟೇಪಣ್ಣ ಏಳುವ ಮೊದಲು ಕೇಳಿಯೇಬಿಟ್ಟ. "ಆ ಪ್ಯಾಂಟು ವಾಪಸ್ಸು ಕಳಿಸಿದೆಯಲ್ಲ."

"ಹೂಂ."

"ಕೋಪಕ್ಕಾ?"

"ಮೊದಲ ವರ್ಷ ಕೋಪಕ್ಕೆ" ಎಂದ ತಮ್ಮ. "ಆಮೇಲೆ ಆರಾಮಕ್ಕೆ. ಎಲಾಸ್ಟಿಕ್ ಅಂದ್ರೆ ಎಲಾಸ್ಟಿಕ್ಕೇ ಅಣ್ಣ." ಇಬ್ಬರೂ ಸ್ವಲ್ಪ ನಕ್ಕರು. ನಗು ಬಹಳ ಹೊತ್ತು ನಿಲ್ಲಲಿಲ್ಲ, ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಬೆಳಿಗ್ಗೆಯಿಂದ ಅದೇ ಪಿನ್ನು, ಅದೇ ಪ್ಯಾಂಟು, ಒಂದು ಕೈ ಸೊಂಟದ ಹಿಂದೆ.

ಅಪ್ಪ ಅವಳನ್ನು ನೋಡಿದ, ಮುಖವನ್ನಲ್ಲ, ಸೊಂಟವನ್ನು. ಇಷ್ಟು ದಿನ ಎದುರಿಗೇ ಓಡಾಡಿದ ಮಗಳು. ಸಡಿಲ ಬಟ್ಟೆಯಲ್ಲಿ ಈಗ ಕಂಡಳು. "ಬಾ ಇಲ್ಲಿ ಗುಬ್ಬಿ" ಎಂದ. ಅವಳು ಬರಲಿಲ್ಲ. ಅವನೇ ಎದ್ದು ಹೋಗಿ ಪಕ್ಕದಲ್ಲಿ ನಿಂತ. ಟೇಪಣ್ಣ ಚಪ್ಪಲಿ ಹಾಕಿಕೊಂಡು ಹೊರಗೆ ಬಂದ.

ಪರೀಕ್ಷೆಯ ದಿನ ಅವನೂ ಆಸ್ಪತ್ರೆಗೆ ಹೋದ, ಯಾರೂ ಕರೆಯದಿದ್ದರೂ. ಅದೇ ಕಾರಿಡಾರು, ಅದೇ ಹೊಟ್ಟೆಯ ಡಾಕ್ಟರಮ್ಮ, ತಲೆಗೂದಲು ಮಾತ್ರ ಬೆಳ್ಳಗಾಗಿತ್ತು. ರಕ್ತ ತೆಗೆದು, ನಳಿಕೆ ಹಾಕಿ ಕರುಳನ್ನು ನೋಡಿ ಆದ ಮೇಲೆ ಎಲ್ಲರನ್ನೂ ಕೂರಿಸಿಕೊಂಡರು. ಅಪ್ಪನದೇ ಕಾಯಿಲೆ, ಅನುಮಾನವಿಲ್ಲ. ಇಂಥ ಮನೆಯಲ್ಲಿ ಎಲ್ಲ ಮಕ್ಕಳಿಗೂ ಬರುತ್ತದೆ ಅಂತಿಲ್ಲ, ಆದರೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಅದಕ್ಕೇ ಹೊಟ್ಟೆ ಕೆಟ್ಟರೆ, ತೂಕ ಇಳಿದರೆ ತಡ ಮಾಡದೆ ಬನ್ನಿ ಎಂದು ಅವತ್ತೇ ಹೇಳಿದ್ದೆನಲ್ಲ ಎಂದರು. ಸಣ್ಣಕರುಳಿನ ಕೊನೆಯಲ್ಲಿ ಹುಣ್ಣುಗಳಾಗಿವೆ. ಒಂದು ಕಡೆ ಕರುಳು ಕಿರಿದಾಗಲು ಶುರುವಾಗಿದೆ.

"ಚೀಲ?" ಎಂದಳು ಗುಬ್ಬಿ. ಅವಳ ಬಾಯಿಂದ ಬಂದದ್ದು ಅದೊಂದೇ ಮಾತು.

"ಈಗ ಆ ಮಾತೇ ಇಲ್ಲ. ಮೊದಲು ಔಷಧಿ, ಆಮೇಲೆ ಇಂಜೆಕ್ಷನ್ನು. ಒಳಗಿನ ಉರಿ ಇಳಿಯುತ್ತೆ. ವಾಸಿಯಾಗಿ ಹೋಗೋ ಕಾಯಿಲೆ ಅಲ್ಲ, ಹಿಡಿತದಲ್ಲಿಟ್ಟುಕೊಂಡು ಬಾಳೋ ಕಾಯಿಲೆ. ಚೆನ್ನಾಗಿದೆ ಅನ್ನಿಸಿದ ದಿನಾನೂ ಮಾತ್ರೆ ಬಿಡೋ ಹಾಗಿಲ್ಲ, ಪರೀಕ್ಷೆಗೆ ಬರೋದೂ ತಪ್ಪಿಸೋ ಹಾಗಿಲ್ಲ. ಕಿರಿದಾದ ಜಾಗ ಎಷ್ಟು ಸಡಿಲ ಆಗುತ್ತೋ ನೋಡಬೇಕು. ಗಾಯದ ಕಲೆ ಆಗಿಬಿಟ್ಟಿದ್ರೆ ಅದು ಹಿಂದಕ್ಕೆ ಹೋಗಲ್ಲ." ಪೆನ್ನು ಎತ್ತಿಕೊಂಡು ಕೇಳಿದರು, "ತೂಕ ಇಳಿಯೋಕೆ ಶುರುವಾಗಿದ್ದು ಯಾವಾಗ?"

ಗುಬ್ಬಿ ಗೊತ್ತಿಲ್ಲವೆಂದಳು. ತಾಯಿ ತಂದೆ ಮುಖ ಮುಖ ನೋಡಿಕೊಂಡರು.

"ಕೆಲಸಕ್ಕೆ ಸೇರಿದ ವಾರ" ಎಂದ ಟೇಪಣ್ಣ ಗೋಡೆಯ ಬದಿಯಿಂದ. "ಆಗಲೇ ಒಂದೂವರೆ ಇಂಚು ಇಳಿದಿದ್ಲು. ಕಂಪನಿಯವರ ಅಳತೆ ದೊಡ್ಡದು ಅಂದ್ಕೊಂಡೆ. ಅಂದ್ಕೊಳ್ಳಲಿಲ್ಲ, ಹಾಗಂತ ಹೇಳ್ಕೊಂಡೆ."

ಡಾಕ್ಟರಮ್ಮ ಬರೆದುಕೊಂಡರು. ಆಗಲೇ ಬಂದಿದ್ದರೆ ಆ ಜಾಗ ಕಿರಿದಾಗುತ್ತಿರಲಿಲ್ಲವೇ ಎಂದು ಟೇಪಣ್ಣ ಕೇಳಬೇಕೆಂದಿದ್ದ. ಅವರು ತಲೆಯೆತ್ತಿ, "ನೀವು ಇವರ ಅಣ್ಣ ಅಲ್ವಾ? ನೀವು ಯಾವತ್ತು ಪರೀಕ್ಷೆ ಮಾಡಿಸಿದ್ದು?" ಎಂದಾಗ ಅವನ ಪ್ರಶ್ನೆ ಬಾಯಲ್ಲೇ ಉಳಿಯಿತು. ಅವನ ಪರೀಕ್ಷೆಯೂ ಆಯಿತು. ಅವನ ಕರುಳಿನಲ್ಲಿ ಏನೂ ಇರಲಿಲ್ಲ. ಆ ಸುದ್ದಿ ಕೇಳಿ ಅವನಿಗೆ ಸಂತೋಷವಾಗಬೇಕಾಗಿತ್ತು.

ಗುಬ್ಬಿಯ ಕೆಲಸ ಹೋಯಿತು. ಮೊದಲ ತಿಂಗಳ ಔಷಧಿಗೆ ಮುಖ ಊದಿ, ಎದ್ದು ನಿಲ್ಲಲಾಗದೆ ರಜೆ ಹಾಕಿದಳು, ಅವರು ಬೇರೆಯವರನ್ನು ಇಟ್ಟುಕೊಂಡರು. ಅವಳು ದೊಡ್ಡಪ್ಪನ ಅಂಗಡಿಗೆ ಬರುವುದನ್ನು ಬಿಟ್ಟಳು. ಈಗ ತಮ್ಮ ಬರುತ್ತಿದ್ದ. ಬಂದು ಸ್ಟೂಲಿನ ಮೇಲೆ ಕೂತು, ಮಗಳಿಗೆ ಊಟ ಹೇಗೆ ಕೊಡುತ್ತಿದ್ದೇವೆ, ನಾರಿನ ತರಕಾರಿ ಹೇಗೆ ಬೇಯಿಸಿ ಸೋಸಬೇಕು, ಸ್ವಲ್ಪ ಸ್ವಲ್ಪವಾಗಿ ಹೇಗೆ ತಿನ್ನಿಸಬೇಕು ಎಂದು ಹೇಳುತ್ತಿದ್ದ. ಹೊರಗೆ ಹೋಗುವಾಗ ದಾರಿಯಲ್ಲಿ ಎಲ್ಲೆಲ್ಲಿ ಟಾಯ್ಲೆಟ್ಟಿದೆ ಎಂದು ಅವಳಿಗೆ ಪಾಠ ಹೇಳಿಕೊಟ್ಟಿದ್ದಾನಂತೆ. ಡ್ರೈವರಾಗಿದ್ದಾಗ ಅವನಿಗೆ ಆ ರೂಟಿನ ಒಂದೊಂದೂ ಬಾಯಿಪಾಠವಿತ್ತು. "ಅಪ್ಪ ಮಗಳಿಗೆ ಕೊಡೋ ಆಸ್ತಿ ನೋಡು" ಎಂದು ನಗುತ್ತಿದ್ದ. ನಕ್ಕು ಬೀದಿಯ ಕಡೆ ನೋಡುತ್ತಿದ್ದ.

ಟೇಪಣ್ಣ ಅಪ್ಪನ ನಿಯಮ ಬಿಟ್ಟ. ಪ್ಯಾಂಟು ಹಿಡಿಸಲು ಬಂದವರನ್ನು, "ಯಾಕೆ ಇಳಿದಿದೀರ? ತೋರಿಸಿದ್ರಾ?" ಎಂದು ಕೇಳತೊಡಗಿದ. ಒಬ್ಬಳು ಮದುಮಗಳು, ಕಷ್ಟಪಟ್ಟು ಇಳಿಸಿದವಳು, ಬಟ್ಟೆ ಕಿತ್ತುಕೊಂಡು ಹೋದಳು. ಬ್ಯಾಂಕಿನವರೊಬ್ಬರು "ನೀವು ಹೊಲೀತೀರೋ ನಾಡಿ ನೋಡ್ತೀರೋ?" ಎಂದರು. "ಇಷ್ಟು ವರ್ಷ ಮುಚ್ಚಿದ ಬಾಯಿ ತೆಗೆದು ಈಗ ಅಂಗಡಿ ಮುಚ್ಚಿಸ್ತಾರೆ" ಎಂದು ಹೆಂಡತಿ ಗೊಣಗಿದಳು. ಗೊಣಗುತ್ತಲೇ, ಸೊರಗಿದ ಹೆಂಗಸರು ಬಂದರೆ ಅವಳೂ ಕೇಳುತ್ತಿದ್ದಳು, ಸ್ವಲ್ಪ ನಯವಾಗಿ.

ಬೇಸಿಗೆ ಕಳೆಯುವ ಹೊತ್ತಿಗೆ ತಮ್ಮ ಒಂದು ಕೈಚೀಲ ತಂದು ಮೇಜಿನ ಮೇಲಿಟ್ಟ. "ಗುಬ್ಬಿ ಕೊಟ್ಟಳು. ಸೊಂಟದ ಹೊಲಿಗೆ ಬಿಡಬೇಕಂತೆ."

ಕಾಲೇಜಿಗೆ ಹೋಗುತ್ತಿದ್ದಾಗಿನ ಬೂದು ಬಣ್ಣದ ಪ್ಯಾಂಟು. ಟೇಪಣ್ಣ ತಿರುಗಿಸಿ ನೋಡಿದ. ಇದರ ಸೊಂಟವನ್ನೂ ತಾನು ಯಾವತ್ತೋ ಹಿಡಿದಿದ್ದೇನೆ. ಕಂಪನಿ ಪ್ಯಾಂಟಿಗಿಂತ ಎಷ್ಟೋ ಮೊದಲು. ಆಗ ಅವಳಿಗೆ ಹದಿನೇಳೋ ಹದಿನೆಂಟೋ. "ಗುಬ್ಬಿ ತಾನೆ, ಗುಬ್ಬಿ ಹಾಗೇ ಇರ್ತಾಳೆ" ಎಂದು ನಗುತ್ತಾ ಹಿಡಿದುಕೊಟ್ಟದ್ದು. ಅದು ಅವನಿಗೆ ಪೂರ್ತಿ ಮರೆತುಹೋಗಿತ್ತು. ಡಾಕ್ಟರಮ್ಮನಿಗೆ ಹೇಳಿದ ಲೆಕ್ಕವೂ ತಪ್ಪು ಹಾಗಾದರೆ.

"ಏನಾಯ್ತು?" ಎಂದ ತಮ್ಮ.

ಟೇಪಣ್ಣ ಆ ಹೊಲಿಗೆ ತೋರಿಸಿ ಹೇಳಿದ. ತಮ್ಮ ಬಟ್ಟೆಯ ಮೇಲೆ ಬೆರಳಾಡಿಸಿದ.

ಟೇಪಣ್ಣ ನೂಲು ಬಿಚ್ಚಿದ. ಒಳಗಿನ ಬಟ್ಟೆ ಇತ್ತು, ಒಂದೂ ಕಾಲು ಇಂಚು, ಕತ್ತರಿ ತಾಗಿಸಿರಲಿಲ್ಲ. ಬಿಡಿಸಿ ಹೊಲಿದು, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದ. ಹೊಸ ಸೊಂಟ ಸರಿಯಾಗಿ ಬಂತು. ಆದರೆ ಇಷ್ಟು ವರ್ಷ ಒಳಗೆ ಮಡಚಿಕೊಂಡಿದ್ದ ಭಾಗ ಬಿಸಿಲು ನೀರು ಕಾಣದೆ ಗಾಢವಾಗಿ ಉಳಿದಿತ್ತು, ಸುತ್ತಲಿನದು ಮಾಸಿತ್ತು. ಹಳೆಯ ಹೊಲಿಗೆಯ ಸೂಜಿತೂತುಗಳು ಸಾಲಾಗಿ ಕಂಡವು. ಮತ್ತೊಮ್ಮೆ ನೀರು ಚಿಮುಕಿಸಿ ಒತ್ತಿದ. ತೂತುಗಳು ಸ್ವಲ್ಪ ಮುಚ್ಚಿಕೊಂಡವು, ಗೆರೆ ಹೋಗಲಿಲ್ಲ.

"ಕಾಣುತ್ತೆ" ಎಂದ.

"ಕಾಣ್ಲಿ" ಎಂದ ತಮ್ಮ. ಪ್ಯಾಂಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದ. ಬಾಗಿಲ ಹತ್ತಿರ ಹೋಗಿ ನಿಂತು, ತಲೆಯೆತ್ತಿ ಬೀರುವಿನ ಮೇಲಿನ ಅಟ್ಟವನ್ನು ನೋಡಿದ. ಕಾಗದ ಸುತ್ತಿದ ಕಟ್ಟು ಅಲ್ಲೇ ಇತ್ತು. "ಅವು ಈಗ ನಂಗೆ ಬಿಗಿ ಆಗ್ತವೆ ಅಲ್ವಾ?"

"ಬಿಗಿಯಾದ್ರೆ ಬಿಡೋಣ" ಎಂದ ಟೇಪಣ್ಣ. "ಅವುಗಳಲ್ಲಿ ಒಳಗೆ ಬಟ್ಟೆ ಇಟ್ಟಿದೀನಿ, ಕತ್ತರಿಸಿಲ್ಲ."

ತಮ್ಮ ತಲೆಯಾಡಿಸಿದ. ತೆಗಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮಗಳಿಗೆ ಮಾತ್ರೆಯ ಹೊತ್ತಾಯಿತೆಂದು ಮೆಟ್ಟಿಲಿಳಿದು ನಡೆದ. ಟೇಪಣ್ಣ ಇಸ್ತ್ರಿಪೆಟ್ಟಿಗೆ ಆರಿಸಿ, ಅದು ತಣ್ಣಗಾಗುವವರೆಗೂ ಅದರ ಮುಂದೆಯೇ ನಿಂತಿದ್ದ.